ಆಮೆಯ ಬೆನ್ನೇರಿದ ನಗು



ಒಂದು ಊರಿಗೆ ಇನ್ಶೂರೆನ್ಸ್ ಬಂತು. ಬಂದು ಹೆಚ್ಚು ಹೊತ್ತಾಗಿರಲಿಲ್ಲ, ಊರು ಸುಟ್ಟುಹೋಯಿತು.

ಊರಿನ ಹೆಸರು ಆಂಖ್-ಮೋರ್‌ಪೋರ್ಕ್. ಕಳ್ಳರಿಗೆ ಒಂದು ಸಂಘ, ಕೊಲೆಗಾರರಿಗೆ ಇನ್ನೊಂದು ಸಂಘ ಇರುವ ಹಳೆಯ ಪಟ್ಟಣ. ನಡುವೆ ಒಂದು ಹೊಳೆ. ಅದರಲ್ಲಿ ನೀರಿಗಿಂತ ಕೆಸರೇ ಜಾಸ್ತಿ. ಇಲ್ಲಿಗೆ ದೂರದ ದೇಶದಿಂದ ಟೂಫ್ಲವರ್ ಎಂಬ ಪ್ರವಾಸಿ ಬಂದಿಳಿಯುತ್ತಾನೆ. ಪ್ರವಾಸಿ ಎಂಬ ಪ್ರಾಣಿಯನ್ನೇ ಆ ಊರು ಅದುವರೆಗೆ ಕಂಡಿಲ್ಲ. ಕಣ್ಣಿಗೆ ಕನ್ನಡಕ, ಕೈಯಲ್ಲಿ ಚಿತ್ರ ಹಿಡಿಯುವ ಪೆಟ್ಟಿಗೆ, ಹಿಂದೆ ನೂರಾರು ಪುಟ್ಟ ಕಾಲುಗಳ ಮೇಲೆ ತಾನಾಗಿ ನಡೆದುಬರುವ ಮರದ ಟ್ರಂಕು. ತನ್ನ ದೇಶದಲ್ಲಿ ಅವನೊಬ್ಬ ವಿಮಾ ಗುಮಾಸ್ತ. ಹೆಂಡದಂಗಡಿಯ ಯಜಮಾನನೊಬ್ಬನಿಗೆ ಅವನು ತನ್ನ ಕಸುಬನ್ನು ವಿವರಿಸುತ್ತಾನೆ. ನೀನು ಸ್ವಲ್ಪ ದುಡ್ಡು ಕಟ್ಟು, ಅಂಗಡಿಗೆ ಬೆಂಕಿ ಬಿದ್ದರೆ ನಿನಗೆ ಬಹಳ ದುಡ್ಡು ಬರುತ್ತದೆ. ಯಜಮಾನ ಪಾಲಿಸಿ ಕೊಳ್ಳುತ್ತಾನೆ. ಆಮೇಲೆ ಆಗಬೇಕಾದದ್ದು ಆಗುತ್ತದೆ. ಅಂಗಡಿಯಿಂದ ಬೀದಿಗೆ, ಬೀದಿಯಿಂದ ಊರಿಗೆ ಬೆಂಕಿ ಹಬ್ಬುತ್ತದೆ.

ಇಂಗ್ಲೆಂಡಿನ ಲೇಖಕ ಟೆರಿ ಪ್ರಾಚೆಟ್ 1983ರಲ್ಲಿ ಪ್ರಕಟಿಸಿದ 'ದಿ ಕಲರ್ ಆಫ್ ಮ್ಯಾಜಿಕ್' ಕಾದಂಬರಿಯ ಮೊದಲ ಭಾಗದಲ್ಲಿ ಬರುವ ಸಂಗತಿ ಇದು. ಇಂಗ್ಲೆಂಡಿನಲ್ಲಿ ಮೊದಲ ಬಾರಿ ಅಚ್ಚಾದದ್ದು 506 ಪ್ರತಿ ಮಾತ್ರ. ಮುಂದೆ ಇದೇ ಲೋಕದ ಮೇಲೆ ಇದೂ ಸೇರಿ ಒಟ್ಟು 41 ಕಾದಂಬರಿಗಳು ಬಂದವು, ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದವು, ಲೇಖಕನಿಗೆ ಸರ್ ಪದವಿಯೂ ದೊರೆಯಿತು. ಅಷ್ಟೆಲ್ಲ ಕೀರ್ತಿಯ ಬುಡದಲ್ಲಿರುವ ಈ ಪುಸ್ತಕದ ಬಗ್ಗೆ ಪ್ರಾಚೆಟ್ ಅಭಿಮಾನಿಗಳೇ ಒಂದು ಎಚ್ಚರಿಕೆ ಕೊಡುತ್ತಾರೆ: ಹೊಸಬರು ಇದರಿಂದ ಶುರುಮಾಡಬೇಡಿ. ನಾನು ಇದರಿಂದಲೇ ಶುರುಮಾಡಿದವನು. ಕೆಲವು ಪುಟಗಳಲ್ಲಿ ಪಕ್ಕದವರು ತಿರುಗಿ ನೋಡುವಷ್ಟು ನಕ್ಕಿದ್ದೇನೆ. ಇನ್ನು ಕೆಲವು ಪುಟಗಳಲ್ಲಿ, ಪರಿಚಯವಿಲ್ಲದವರ ಮದುವೆಯ ಮನೆಯಲ್ಲಿ ಅವರವರ ಕುಟುಂಬದ ತಮಾಷೆ ಕೇಳುತ್ತ ಕುಳಿತವನಂತೆ ಮುಖದ ಮೇಲೊಂದು ನಗೆ ಅಂಟಿಸಿಕೊಂಡು ಕೂತಿದ್ದೇನೆ. ಒಂದೇ ಪುಸ್ತಕ ಎರಡನ್ನೂ ಮಾಡಿಸಿದ್ದು ಹೇಗೆ ಎಂಬುದೇ ಇವತ್ತಿನ ಮಾತು.

ಮೊದಲು ನಕ್ಕ ವಿಷಯ. ಆ ಇನ್ಶೂರೆನ್ಸಿನ ಪ್ರಸಂಗ ಯಾಕೆ ಅಷ್ಟು ಚೆನ್ನಾಗಿದೆ? ಅದರಲ್ಲಿ ಯಾರೂ ತಮಾಷೆ ಮಾಡುತ್ತಿಲ್ಲ. ಟೂಫ್ಲವರ್ ನಿಷ್ಠೆಯಿಂದ ತನ್ನ ವೃತ್ತಿಯ ತತ್ತ್ವವನ್ನು ಹೇಳುತ್ತಿದ್ದಾನೆ. ಹೆಂಡದಂಗಡಿಯವನು ಅಷ್ಟೇ ನಿಷ್ಠೆಯಿಂದ ಲಾಭದ ಲೆಕ್ಕ ಹಾಕುತ್ತಿದ್ದಾನೆ. ಇಬ್ಬರ ಲೆಕ್ಕವೂ ಸರಿ. ಎರಡು ಸರಿ ಲೆಕ್ಕ ಕೂಡಿದಲ್ಲಿ ಒಂದು ಊರು ಹೊತ್ತಿ ಉರಿಯುತ್ತದೆ. ಲಂಡನ್ನಿನ ಮಹಾ ಬೆಂಕಿ 1666ರದ್ದು. ಅಲ್ಲಿ ಬೆಂಕಿವಿಮೆಯ ವ್ಯಾಪಾರ ಹುಟ್ಟಿದ್ದು ಅದಾದ ಸುಮಾರು ಹದಿನೈದು ವರ್ಷಕ್ಕೆ. ನಿಕೊಲಸ್ ಬಾರ್ಬನ್ ಎಂಬ ಕಟ್ಟಡದ ವ್ಯಾಪಾರಿ ಅದನ್ನು ಆರಂಭಿಸಿದ. ಊರು ಸುಟ್ಟಿತು, ಅದಕ್ಕೇ ವಿಮೆ ಬಂತು. ಪ್ರಾಚೆಟ್ ಈ ಕ್ರಮವನ್ನು ತಿರುವಿ ಹಾಕುತ್ತಾನೆ ಅಷ್ಟೆ: ವಿಮೆ ಬಂತು, ಅದಕ್ಕೇ ಊರು ಸುಟ್ಟಿತು. ಇತಿಹಾಸವನ್ನು ಹಿಂದುಮುಂದು ಮಾಡಿದರೂ ಮನುಷ್ಯರ ಬುದ್ಧಿ ಹಾಗೇ ಇರುತ್ತದೆ ಎನ್ನುವುದೇ ಅಲ್ಲಿ ನಗು ತರಿಸುವ ಸಂಗತಿ. ವಿಮಾ ಕಂಪನಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದನ್ನು ಹೇಳಿ ನೋಡಿ. ಅವರು ನಕ್ಕ ಮೇಲೆ ನಾಲ್ಕು ನಿಜವಾದ ಕತೆಗಳನ್ನು ತಾವೇ ಹೇಳುತ್ತಾರೆ.

ಇದನ್ನು ಬರೆಯುವಾಗ ಪ್ರಾಚೆಟ್ ಪೂರ್ಣಕಾಲದ ಲೇಖಕನಾಗಿರಲಿಲ್ಲ. ಹದಿನೇಳನೆಯ ವಯಸ್ಸಿಗೆ ಶಾಲೆ ಬಿಟ್ಟು ಸ್ಥಳೀಯ ಪತ್ರಿಕೆಯೊಂದಕ್ಕೆ ಸೇರಿದವನು, 1980ರಿಂದ ಅಲ್ಲಿನ ಸರಕಾರಿ ವಿದ್ಯುತ್ ಮಂಡಳಿಯ ಪತ್ರಿಕಾ ಅಧಿಕಾರಿಯಾಗಿದ್ದ. ಅವನ ಪಾಲಿಗೆ ಬಂದದ್ದು ಅಣು ವಿದ್ಯುತ್ ಸ್ಥಾವರಗಳು. ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದ ಅಪಘಾತವಾದದ್ದು 1979ರಲ್ಲಿ. ಅದರ ಮರುವರ್ಷ, ಎಲ್ಲವೂ ಸುರಕ್ಷಿತವಾಗಿದೆ ಎಂದು ಪತ್ರಕರ್ತರಿಗೆ ಹೇಳುವ ಕೆಲಸ ಇವನಿಗೆ. ಹುಚ್ಚು ಸಂಗತಿಯನ್ನು ಮುಖದ ಗೆರೆ ಅಲುಗದಂತೆ, ಕಚೇರಿಯ ಭಾಷೆಯಲ್ಲಿ ಹೇಳುವ ವಿದ್ಯೆಯನ್ನು ಅವನು ಅಲ್ಲಿ ಕಲಿತಿರಬೇಕು ಎಂದು ನನ್ನ ಊಹೆ. ಕಾದಂಬರಿಯಲ್ಲಿ ಒಂದು ಕಡೆ ಕಥಾನಾಯಕ, ರಿನ್ಸ್‌ವಿಂಡ್ ಎಂಬ ಮಾಂತ್ರಿಕ, ಕ್ಷಣಕಾಲ ನಮ್ಮ ಲೋಕಕ್ಕೆ ಜಾರಿ, ವಿಮಾನದೊಳಗೆ ಕುಳಿತ ಅಣುವಿಜ್ಞಾನಿಯಾಗಿಬಿಡುತ್ತಾನೆ. ರಿಯಾಕ್ಟರುಗಳು ಕೆಡುವ ಬಗೆಯ ಬಗ್ಗೆಯೇ ಅವನ ವಿಶೇಷ ಅಧ್ಯಯನ. ಹಗಲಿನ ನೌಕರಿ ರಾತ್ರಿಯ ಬರವಣಿಗೆಯೊಳಕ್ಕೆ ಇಣುಕಿದ ಜಾಗ ಅದು.

ಈಗ ಆಮೆಯ ವಿಷಯ. ನಮಗೆ ಕಿವಿ ನೆಟ್ಟಗಾಗುವುದು ಇಲ್ಲೇ.

ಪ್ರಾಚೆಟ್‌ನ ಲೋಕ ಒಂದು ಬಿಲ್ಲೆ. ದುಂಡಗೆ, ಚಪ್ಪಟೆಯಾಗಿ, ಅಂಚಿನಲ್ಲಿ ಸುತ್ತಲೂ ಸಮುದ್ರದ ನೀರು ಧುಮುಕುತ್ತಿರುವ ಬಿಲ್ಲೆ. ಅದನ್ನು ನಾಲ್ಕು ಆನೆಗಳು ಹೊತ್ತಿವೆ. ಆನೆಗಳು ಒಂದು ಮಹಾ ಆಮೆಯ ಬೆನ್ನ ಮೇಲೆ ನಿಂತಿವೆ. ಆಮೆ ನಕ್ಷತ್ರಗಳ ನಡುವೆ ಈಜುತ್ತಿದೆ. ಸಮುದ್ರಮಥನದಲ್ಲಿ ಮಂದರವನ್ನು ಹೊತ್ತ ಕೂರ್ಮ, ಎಂಟು ದಿಕ್ಕಿಗೆ ಎಂಟು ದಿಗ್ಗಜಗಳು ನಮಗೆ ಬಾಲ್ಯದ ಪರಿಚಯ. ಉಳಿದ ನಾಲ್ಕು ಆನೆಗಳು ಎಲ್ಲಿ ಹೋದವು ಎಂದು ಕೇಳುವ ಹಕ್ಕು ನಮಗಿದೆ. ಐದನೆಯದೊಂದು ಇತ್ತು, ಜಾರಿ ಬಿತ್ತು ಎಂದು 1999ರ ಒಂದು ಕಾದಂಬರಿಯಲ್ಲಿ ಪ್ರಾಚೆಟ್ ಸಮಜಾಯಿಷಿ ಕೊಟ್ಟಿದ್ದಾನೆ. ಇನ್ನೂ ಮೂರರ ಲೆಕ್ಕ ಬಾಕಿ.

ಪಶ್ಚಿಮದಲ್ಲಿ ಈ ಆನೆ, ಆಮೆಗಳ ಮೇಲೆ ನಗುವುದು ಹೊಸದೇನಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಜಾನ್ ಲಾಕ್ ಎಂಬ ತತ್ತ್ವಜ್ಞಾನಿ ತನ್ನ ಹೆಸರಾಂತ ಗ್ರಂಥದಲ್ಲಿ ಒಬ್ಬ ಭಾರತೀಯನನ್ನು ತರುತ್ತಾನೆ. ಭೂಮಿ ಯಾವುದರ ಮೇಲೆ ನಿಂತಿದೆ? ಆನೆಯ ಮೇಲೆ. ಆನೆ? ಆಮೆಯ ಮೇಲೆ. ಆಮೆ? ಆ ಪ್ರಶ್ನೆಗೆ ಪಾಪ, ಅವನಿಗೆ ಗೊತ್ತಿಲ್ಲದ ಏನೋ ಒಂದರ ಮೇಲೆ. ಅರ್ಥವಾಗದ್ದಕ್ಕೆ ಹೆಸರಿಟ್ಟು ಸುಮ್ಮನಾಗುವ ಪಂಡಿತರನ್ನು ಕುಟುಕಲು ಲಾಕ್ ಈ ಉದಾಹರಣೆ ಬಳಸಿದ. ಆದರೆ ನಗೆಪಾಟಲಾಗಿದ್ದು ನಮ್ಮವನು. ಪ್ರಾಚೆಟ್ ಪುಸ್ತಕ ತೆರೆಯುವಾಗ ನನಗೂ ಅದೇ ಅನುಮಾನ ಇತ್ತು: ಮತ್ತೊಮ್ಮೆ ನಮ್ಮ ಆಮೆಯ ಬೆನ್ನ ಮೇಲೆ ಕೂತು ನಮ್ಮನ್ನೇ ನೋಡಿ ನಗುತ್ತಾನೋ ಏನೋ.

ಹಾಗಾಗಲಿಲ್ಲ. ಇಡೀ ಪುಸ್ತಕದಲ್ಲಿ ಅವನು ಗೇಲಿ ಮಾಡದೆ ಬಿಟ್ಟದ್ದು ಯಾವುದಾದರೂ ಇದ್ದರೆ ಅದು ಆ ಆಮೆ. ಉಲ್ಕೆಗಳು ಬಡಿದು ಗುಳಿಬಿದ್ದ ಚಿಪ್ಪು, ಸಮುದ್ರದಷ್ಟು ದೊಡ್ಡ ಕಣ್ಣು, ಅವಸರವೇ ಇಲ್ಲದ ನಡೆ. ಅದನ್ನು ವರ್ಣಿಸುವಾಗ ಅವನ ವಾಕ್ಯಗಳೂ ನಿಧಾನವಾಗುತ್ತವೆ. ಗೇಲಿ ಬರುವುದು ಅದನ್ನು ಅಧ್ಯಯನ ಮಾಡುವವರ ಮೇಲೆ. ಬಿಲ್ಲೆಯ ಅಂಚಿನಲ್ಲಿ ಕ್ರುಲ್ ಎಂಬ ರಾಜ್ಯವಿದೆ. ಅಲ್ಲಿನ ವಿದ್ವಾಂಸರು ಹಿತ್ತಾಳೆಯ ಪಾತ್ರೆಯೊಳಗೆ ಮನುಷ್ಯರನ್ನು ಕೂರಿಸಿ ಲೋಕದ ಅಂಚಿನಾಚೆ ಇಳಿಬಿಟ್ಟು ಆಮೆಯನ್ನು ನೋಡಿ ಬಂದಿದ್ದಾರೆ. ಅವರಲ್ಲಿ ಎರಡು ಪಂಥ. ಆಮೆ ಎಲ್ಲಿಂದಲೋ ಬಂದು ಎಲ್ಲಿಗೋ ಸದಾ ಹೀಗೇ ಹೋಗುತ್ತಿರುತ್ತದೆ ಎನ್ನುವುದು ಒಂದು. ಎಲ್ಲ ಆಮೆಗಳೂ ಒಂದು ಸ್ಥಳಕ್ಕೆ ಕೂಡಲು ಹೊರಟಿವೆ, ಅಲ್ಲಿ ಅವುಗಳ ಸಮಾಗಮದಿಂದ ಹೊಸ ಲೋಕಗಳು ಹುಟ್ಟುತ್ತವೆ ಎನ್ನುವುದು ಇನ್ನೊಂದು. ಇಪ್ಪತ್ತನೆಯ ಶತಮಾನದಲ್ಲಿ ಖಗೋಳ ವಿಜ್ಞಾನಿಗಳು ವಿಶ್ವದ ಹುಟ್ಟಿನ ಬಗ್ಗೆ ನಡೆಸಿದ ದೊಡ್ಡ ವಾದ, ಸ್ಥಿರ ವಿಶ್ವವೋ ಮಹಾಸ್ಫೋಟವೋ ಎಂಬುದು, ಇಲ್ಲಿ ಆಮೆಗಳ ದಾಂಪತ್ಯದ ಪ್ರಶ್ನೆಯಾಗಿ ಕೂತಿದೆ. ಎರಡನೆಯ ಪಂಥ ನಿಜವಾದರೆ ಆಮೆ ಗಂಡೋ ಹೆಣ್ಣೋ ಎಂಬುದು ಬರೀ ಕುತೂಹಲದ ಮಾತಲ್ಲ, ಆನೆಗಳ ಮೇಲೆ ಕೂತವರ ಜೀವದ ಪ್ರಶ್ನೆ. ಆದ್ದರಿಂದ ರಾಜ್ಯವೆಲ್ಲ ಸೇರಿ, ಹಣ ಸುರಿದು, ಆಮೆಯ ಲಿಂಗ ಪತ್ತೆಹಚ್ಚಲು ಒಂದು ನೌಕೆ ಕಟ್ಟುತ್ತದೆ.

ಇಲ್ಲಿ ಪ್ರಾಚೆಟ್‌ನ ಹದ ನೋಡಿ. ಹುಚ್ಚು ಮಾತೊಂದನ್ನು ಒಪ್ಪಿಕೊಳ್ಳುತ್ತಾನೆ. ಒಪ್ಪಿದ ಮೇಲೆ ಮುಂದಿನ ಲೆಕ್ಕದಲ್ಲಿ ಒಂದು ಕಾಸಿನಷ್ಟೂ ಮೋಸ ಮಾಡುವುದಿಲ್ಲ. ಲೋಕ ಆಮೆಯ ಮೇಲಿದ್ದರೆ ಅದಕ್ಕೆ ತಕ್ಕ ವಿಜ್ಞಾನ, ವಿಜ್ಞಾನಕ್ಕೆ ತಕ್ಕ ಬಜೆಟ್ಟು, ಬಜೆಟ್ಟಿಗೆ ತಕ್ಕ ರಾಜಕೀಯ. ನಗಬೇಕೆಂದು ಅವನು ಕಣ್ಣು ಮಿಟುಕಿಸುವುದೇ ಇಲ್ಲ.

ಆದರೆ ಪುಸ್ತಕದ ನಡುವಿನ ಎರಡು ಭಾಗಗಳಲ್ಲಿ ಅವನು ಬಹಳ ಸಲ ಕಣ್ಣು ಮಿಟುಕಿಸುತ್ತಾನೆ. ನನ್ನ ತಕರಾರು ಇಲ್ಲಿಂದ.

ಈ ಕಾದಂಬರಿ ಹುಟ್ಟಿದ್ದೇ ಬೇರೆ ಕಾದಂಬರಿಗಳನ್ನು ಅಣಕಿಸಲು. ಟೋಲ್ಕಿನ್‌ನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಬಂದಿತ್ತು. 1977ರಲ್ಲಿ ಟೆರಿ ಬ್ರೂಕ್ಸ್ ಅದೇ ಜಾಡಿನಲ್ಲಿ ಬರೆದ ದಪ್ಪ ಪುಸ್ತಕವೊಂದು ಭರ್ಜರಿಯಾಗಿ ಮಾರಾಟವಾದ ಮೇಲೆ ಇಂಗ್ಲಿಷ್ ಅಂಗಡಿಗಳ ಕಪಾಟುಗಳಲ್ಲಿ ಕತ್ತಿ, ಡ್ರ್ಯಾಗನ್, ಗಡ್ಡದ ಮಾಂತ್ರಿಕ, ಕಳೆದುಹೋದ ರಾಜಕುಮಾರ ಇವರ ಜಾತ್ರೆಯೇ ನೆರೆಯಿತು. ಗದುಗಿನ ಕುಮಾರವ್ಯಾಸ ತಾನು ಭಾರತವನ್ನು ಆರಿಸಿಕೊಂಡದ್ದಕ್ಕೆ ಕೊಟ್ಟ ಕಾರಣ ನಿಮಗೆ ನೆನಪಿರಬಹುದು. ರಾಮಾಯಣ ಬರೆದ ಕವಿಗಳ ಭಾರ ಎಷ್ಟಾಗಿದೆ ಎಂದರೆ ಭೂಮಿ ಹೊತ್ತ ಆದಿಶೇಷನೇ ಏದುಸಿರು ಬಿಡುತ್ತಿದ್ದಾನೆ, ಅಲ್ಲಿ ಕಾಲಿಡಲು ಜಾಗವಿಲ್ಲ. 1983ರಲ್ಲಿ ಪ್ರಾಚೆಟ್‌ನ ಆಮೆಯೂ ಅದೇ ಸ್ಥಿತಿಯಲ್ಲಿತ್ತು. ಒಂದು ವ್ಯತ್ಯಾಸವಿದೆ. ಕುಮಾರವ್ಯಾಸ ಆ ತಮಾಷೆಯನ್ನು ಒಂದು ಪದ್ಯದಲ್ಲಿ ಮುಗಿಸಿ, ಕೊಡವಿಕೊಂಡು ಎದ್ದು ತನ್ನ ಭಾರತಕ್ಕೆ ಹೋದ. ಪ್ರಾಚೆಟ್ ಈ ಪುಸ್ತಕದ ಅರ್ಧವನ್ನು ಅದರಲ್ಲೇ ಕಳೆಯುತ್ತಾನೆ.

ಶುರುವಿನಲ್ಲಿ ಗುಡ್ಡದ ಮೇಲೆ ನಿಂತು ಊರು ಉರಿಯುವುದನ್ನು ನೋಡುವ ಇಬ್ಬರು ಸಾಹಸಿಗಳಿದ್ದಾರೆ. ಒಬ್ಬ ದೈತ್ಯ, ಒಬ್ಬ ಕುಳ್ಳ. ಅವರು ಫ್ರಿಟ್ಜ್ ಲೀಬರ್ ಎಂಬ ಅಮೆರಿಕದ ಲೇಖಕನ ಜೋಡಿ ನಾಯಕರ ಅಣಕ. ಆ ಜೋಡಿ ಮೊದಲು ಅಚ್ಚಾದದ್ದು 1939ರಲ್ಲಿ. ಎರಡನೆಯ ಭಾಗದಲ್ಲಿ ಬರುವ, ಹೆಸರೆತ್ತಿದರೆ ಕೇಡು ತರುವ ಪುರಾತನ ಭೂತ ಎಚ್. ಪಿ. ಲವ್‌ಕ್ರಾಫ್ಟ್‌ನ ಭಯಂಕರ ಕತೆಗಳಿಂದ ಎರವಲು. ಹ್ರುನ್ ಎಂಬ ಕಟ್ಟುಮಸ್ತಾದ ಅನಾಗರಿಕ ವೀರ ರಾಬರ್ಟ್ ಹೋವರ್ಡ್ ಸೃಷ್ಟಿಸಿದ ಕೋನನ್‌ನ ತಮ್ಮ. ಮೂರನೆಯ ಭಾಗದ ತಲೆಕೆಳಗಾದ ಬೆಟ್ಟ, ಅದರ ಡ್ರ್ಯಾಗನ್ ಸವಾರರು ಆನ್ ಮೆಕಾಫ್ರೆಯ ಪರ್ನ್ ಕಾದಂಬರಿಗಳತ್ತ ಬೊಟ್ಟು ಮಾಡುತ್ತಾರೆ. ಇದೆಲ್ಲ ನನಗೆ ಗೊತ್ತಾದದ್ದು ಓದಿ ಮುಗಿಸಿದ ಮೇಲೆ. ಓದುವಾಗ ಗೊತ್ತಾದದ್ದು ಇಷ್ಟೇ: ಇಲ್ಲಿ ಏನೋ ತಮಾಷೆ ನಡೆಯುತ್ತಿದೆ, ಅದು ನನಗಲ್ಲ.

ಅಣಕಕ್ಕೆ ಮೂಲ ಗೊತ್ತಿರಬೇಕು, ಅದು ಅಣಕದ ತಪ್ಪಲ್ಲ ಎಂದು ನೀವು ಹೇಳಬಹುದು. ಹೌದು. ಆದರೆ ಒಳ್ಳೆಯ ಅಣಕಕ್ಕೆ ಮೂಲ ಗೊತ್ತಿಲ್ಲದವರಿಗೂ ಒಂದು ಬಾಗಿಲು ಇರುತ್ತದೆ. ಆ ಭೂತದ ಗುಡಿಯಲ್ಲೇ ನೋಡಿ. ಟೂಫ್ಲವರ್‌ನ ಕ್ಯಾಮರಾ ಪೆಟ್ಟಿಗೆಯೊಳಗೆ ಒಬ್ಬ ಪುಟಾಣಿ ಪಿಶಾಚಿ ಕೂತು, ಕಂಡದ್ದನ್ನು ಸರಸರನೆ ಬಣ್ಣದಲ್ಲಿ ಬರೆಯುತ್ತಾನೆ. ಗುಲಾಬಿ ಬಣ್ಣ ಮುಗಿದಿದೆ ಎಂದು ಗೊಣಗುವ ಜಾತಿ. ಕತ್ತಲ ಗುಡಿಯಲ್ಲಿ ಯುಗಯುಗಗಳ ಭೂತ ಮೇಲೇಳುವಾಗ ಕ್ಯಾಮರಾದ ಫ್ಲ್ಯಾಶ್ ಬಡಿದು ಅದರ ಕಣ್ಣು ಕುಕ್ಕುತ್ತದೆ. ಲವ್‌ಕ್ರಾಫ್ಟ್ ಹೆಸರೇ ಕೇಳದವನೂ ಇಲ್ಲಿ ನಗುತ್ತಾನೆ. ಗರ್ಭಗುಡಿಯೆದುರು ಮೊಬೈಲು ಎತ್ತಿ ಹಿಡಿಯುವ ಜನರ ನಡುವೆ ಪ್ರದಕ್ಷಿಣೆ ಹಾಕಿದ ನಮಗಂತೂ ಆ ಭೂತದ ಮೇಲೆ ಕನಿಕರವೂ ಹುಟ್ಟುತ್ತದೆ. ಆದರೆ ಡ್ರ್ಯಾಗನ್ ಬೆಟ್ಟದಲ್ಲಿ ಅಂಥ ಬಾಗಿಲು ನನಗೆ ಸಿಗಲಿಲ್ಲ. ಅಲ್ಲಿ ಪುಸ್ತಕಗಳು ಪುಸ್ತಕಗಳ ಜೊತೆ ಮಾತಾಡಿಕೊಳ್ಳುತ್ತಿವೆ.

ಆ ಬೆಟ್ಟದಲ್ಲೇ ಲಿಯೆಸ್ಸಾ ಎಂಬ ರಾಜಕುಮಾರಿ ಇದ್ದಾಳೆ. ಇಂಥ ಸಾಹಸ ಪುಸ್ತಕಗಳ ರಕ್ಷಾಪುಟದಲ್ಲಿ ಹೆಂಗಸರಿಗೆ ಬಟ್ಟೆ ಕಡಿಮೆ ಎಂಬುದು ಜಗಜ್ಜಾಹೀರು, ಅದನ್ನು ಗೇಲಿ ಮಾಡಲು ಇವಳ ಮೈಮೇಲೂ ಬಟ್ಟೆ ಕಡಿಮೆ. ಗೇಲಿ ಏನೋ ಸರಿ. ಆದರೆ ಗೇಲಿಯ ನೆಪದಲ್ಲಿ ಅದೇ ಚಿತ್ರವನ್ನು ಮತ್ತೊಮ್ಮೆ ಬರೆದಂತಾಯಿತಲ್ಲ? ಬೈಯುತ್ತಲೇ ಬಾಯಿ ಚಪ್ಪರಿಸುವ ಈ ಚಾಳಿ ಹಾಸ್ಯ ಬರೆಯುವವರಿಗೆಲ್ಲ ಇದೆ, ನಮ್ಮ ನಗೆನಾಟಕಗಳೂ ಅದಕ್ಕೆ ಹೊರತಲ್ಲ. ಪ್ರಾಚೆಟ್‌ಗೇ ಇದು ಕಸಿವಿಸಿಯಾಗಿರಬೇಕು. ಇದೇ ಸರಣಿಯ ಮೂರನೆಯ ಕಾದಂಬರಿ, 1987ರ 'ಈಕ್ವಲ್ ರೈಟ್ಸ್'ನಲ್ಲಿ, ಗಂಡಸರ ಮಂತ್ರ ವಿಶ್ವವಿದ್ಯಾಲಯದ ಬಾಗಿಲಿಗೆ ಒಬ್ಬ ಹುಡುಗಿ ಬಂದು ನಿಲ್ಲುತ್ತಾಳೆ. ಅವಳಿಗೆ ಮೈತುಂಬ ಬಟ್ಟೆಯೂ ಇದೆ, ತಲೆತುಂಬ ಬುದ್ಧಿಯೂ ಇದೆ.

ಟೂಫ್ಲವರ್ ಬಗ್ಗೆಯೂ ನನಗೆ ಒಂದು ಮನಸ್ಸಿಲ್ಲ. ಪೂರ್ವದ ಶ್ರೀಮಂತ ಸಾಮ್ರಾಜ್ಯದವನು, ಕನ್ನಡಕದವನು, ಕ್ಯಾಮರಾದವನು, ಕೈಪಿಡಿ ನೋಡಿ ಮಾತಾಡುವವನು. 1980ರ ದಶಕದಲ್ಲಿ ಯುರೋಪಿಗೆ ಗುಂಪುಗುಂಪಾಗಿ ಬರುತ್ತಿದ್ದ ಜಪಾನೀ ಪ್ರವಾಸಿಗರನ್ನು ನೋಡಿ ಅಲ್ಲಿನವರು ಮಾಡುತ್ತಿದ್ದ ಗೇಲಿಯ ವಾಸನೆ ಇದರಲ್ಲಿದೆ. ಏಷ್ಯಾದ ಓದುಗನಾಗಿ ಅದು ನನ್ನ ಮೂಗಿಗೆ ಬಡಿಯದೆ ಇರುವುದಿಲ್ಲ. ಅದೇ ಹೊತ್ತಿಗೆ, ಪುಸ್ತಕದಲ್ಲಿ ನನಗೆ ಪ್ರೀತಿ ಹುಟ್ಟಿದ ಏಕೈಕ ಮನುಷ್ಯನೂ ಅವನೇ. ಊರೆಲ್ಲ ಅವನನ್ನು ಸುಲಿಯುತ್ತಿದ್ದರೆ ಅವನು ಎಲ್ಲರನ್ನೂ ನಂಬುತ್ತಾನೆ. ಹೊಡೆದಾಟ ಕಂಡರೆ, ಕತೆಗಳಲ್ಲಿ ಓದಿದ್ದು ಕಣ್ಣಾರೆ ನೋಡುವ ಭಾಗ್ಯ ಬಂತು ಎಂದು ಹಿಗ್ಗುತ್ತಾನೆ. ಜೀವನವಿಡೀ ಬೇರೆಯವರ ಅಪಾಯಗಳಿಗೆ ಬೆಲೆ ಕಟ್ಟುತ್ತ ಕುಳಿತ ಗುಮಾಸ್ತನಿಗೆ ಒಮ್ಮೆ ತಾನೂ ಅಪಾಯವನ್ನು ಮುಟ್ಟಿ ನೋಡಬೇಕೆನಿಸಿದೆ. ಈ ಆಸೆಯನ್ನು ಪ್ರಾಚೆಟ್ ಗೇಲಿ ಮಾಡುವುದಿಲ್ಲ. ಕುಟುಕು ಬೀಳುವುದು ಹೆಚ್ಚಾಗಿ ಸುಲಿಯುವವರ ಮೇಲೆಯೇ.

ಅವನ ಮಾರ್ಗದರ್ಶಿಯಾಗಿ ಸಿಕ್ಕಿಬೀಳುವವನು ರಿನ್ಸ್‌ವಿಂಡ್. ಒಂದೇ ಒಂದು ಮಂತ್ರ ಬರುವ, ಅದನ್ನೂ ಉಚ್ಚರಿಸುವಂತಿಲ್ಲದ, ವಿದ್ಯಾಲಯದಿಂದ ಹೊರಬಿದ್ದ ಮಾಂತ್ರಿಕ. ಅವನ ನಿಜವಾದ ವಿದ್ಯೆ ಓಡುವುದು. ಮುಂಗಡ ತೆಗೆದುಕೊಂಡು ಓಡಿಹೋಗಲು ನೋಡಿ ಸಿಕ್ಕಿಬಿದ್ದ ಮೇಲೆ, ಪ್ರವಾಸಿಯ ಕೂದಲು ಕೊಂಕಿದರೆ ತಲೆ ಹೋಗುತ್ತದೆಂದು ಊರಿನ ಒಡೆಯ ಅವನಿಗೆ ಕಟ್ಟಪ್ಪಣೆ ಮಾಡುತ್ತಾನೆ. ಹೇಡಿಯ ಹಾಸ್ಯ ನಮಗೆ ಗೊತ್ತು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯೇ ಇದೆ. ಅಂತಃಪುರದಲ್ಲಿ ಕೌರವರನ್ನು ಬಾಯಲ್ಲೇ ಕೊಂದು, ಸೇನೆ ಕಂಡದ್ದೇ ತಡ ರಥದಿಂದ ಧುಮುಕಿ ಓಡುವ ಉತ್ತರಕುಮಾರನಿಗೆ ಯಕ್ಷಗಾನದ ರಂಗದಲ್ಲಿ ಇವತ್ತಿಗೂ ನಗೆ ತಪ್ಪಿದ್ದಲ್ಲ. ರಿನ್ಸ್‌ವಿಂಡ್ ಬೇರೆ ಬಗೆಯವನು. ಅವನು ಕೊಚ್ಚಿಕೊಳ್ಳುವುದೇ ಇಲ್ಲ. ತಾನು ಹೇಡಿ ಎಂಬುದರಲ್ಲಿ ಅವನಿಗೆ ಯಾವ ಅನುಮಾನವೂ ಇಲ್ಲ, ಸುತ್ತಲಿನವರಿಗೆ ಯಾಕೆ ಭಯವಾಗುತ್ತಿಲ್ಲ ಎಂಬುದೇ ಅವನಿಗೆ ಆಶ್ಚರ್ಯ. ಜಂಬಕ್ಕೂ ನಡತೆಗೂ ನಡುವಿನ ಬಿರುಕಿನಿಂದ ಉತ್ತರನ ಹಾಸ್ಯ ಹುಟ್ಟಿದರೆ, ರಿನ್ಸ್‌ವಿಂಡ್‌ನದು ಹುಚ್ಚರ ಸಂತೆಯಲ್ಲಿ ಒಬ್ಬನೇ ಬುದ್ಧಿವಂತ ಇರುವುದರಿಂದ ಹುಟ್ಟುತ್ತದೆ.

ಆದರೆ ಉತ್ತರನ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಓಡಿದವನನ್ನು ಅರ್ಜುನ ಎಳೆದು ತಂದು ಕೈಗೆ ಲಗಾಮು ಕೊಡುತ್ತಾನೆ. ಅವನು ರಥ ನಡೆಸುತ್ತಾನೆ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸಾಯುತ್ತಾನೆ. ನಾವು ಹೊಟ್ಟೆ ಹಿಡಿದು ನಕ್ಕಿದ್ದ ಹುಡುಗ. ಅದು ಗೊತ್ತಾದ ಮೇಲೆ ಹಿಂದಿನ ನಗೆಯ ಬಣ್ಣವೇ ಬದಲಾಗುತ್ತದೆ. 'ದಿ ಕಲರ್ ಆಫ್ ಮ್ಯಾಜಿಕ್'ನಲ್ಲಿ ಹಾಗೆ ಬಣ್ಣ ಬದಲಾಗುವ ನಗೆ ಒಂದೂ ಇಲ್ಲ. ಒಂದು ಇಡೀ ಊರು ಸುಟ್ಟುಹೋಯಿತು ಎಂದೆನಲ್ಲ, ಆ ಬೆಂಕಿಯಲ್ಲಿ ಯಾರ ಮನೆ ಹೋಯಿತು, ಯಾರು ಅತ್ತರು? ಪುಸ್ತಕ ಕೇಳುವುದಿಲ್ಲ, ಓದುಗನಿಗೂ ಕೇಳಬೇಕೆನಿಸುವುದಿಲ್ಲ. ಪಾತ್ರಗಳು ಒಂದು ತಮಾಷೆಯಿಂದ ಇನ್ನೊಂದಕ್ಕೆ ಜಿಗಿಯುತ್ತವೆ, ಯಾರಿಗೂ ಗಾಯ ಉಳಿಯುವುದಿಲ್ಲ. ಉಪಮೆಗಳಂತೂ ವಾಕ್ಯಕ್ಕೊಂದು. ಮೊದಲ ಐವತ್ತು ಪುಟ ಹಬ್ಬದೂಟ. ಆಮೇಲೆ ಎಲೆ ಮಡಚೋಣ ಅನಿಸುತ್ತದೆ.

ಮೃತ್ಯುವಿನ ಪಾತ್ರವನ್ನೇ ತೆಗೆದುಕೊಳ್ಳಿ. ಮುಂದಿನ ಪುಸ್ತಕಗಳಲ್ಲಿ ಪ್ರಾಚೆಟ್‌ನ ಮೃತ್ಯು ಮನುಷ್ಯರನ್ನು ಅರ್ಥಮಾಡಿಕೊಳ್ಳಲು ಹೆಣಗುವ, ಬೆಕ್ಕುಗಳನ್ನು ಪ್ರೀತಿಸುವ, ಓದುಗರಿಗೆ ಬಹಳ ಅಚ್ಚುಮೆಚ್ಚಾದ ಪಾತ್ರ. ಈ ಮೊದಲ ಪುಸ್ತಕದಲ್ಲಿ ಅವನು ಕಿಡಿಗೇಡಿ. ಊರಿನಲ್ಲಿ ರಿನ್ಸ್‌ವಿಂಡ್‌ಗೆ ಎದುರಾಗಿ ಬೆಚ್ಚುತ್ತಾನೆ: ನೀನು ಇಲ್ಲಿ ಹೇಗೆ, ಇವತ್ತು ಬಹುದೂರದ ಇನ್ನೊಂದು ಊರಿನಲ್ಲಿ ನಮ್ಮ ಭೇಟಿ ಇತ್ತಲ್ಲ? ದಯಮಾಡಿ ಅಲ್ಲಿಗೆ ಹೋಗು, ಬೇಕಾದರೆ ವೇಗದ ಕುದುರೆ ಕೊಡಿಸುತ್ತೇನೆ. ಪಶ್ಚಿಮದಲ್ಲಿ ಸಮಾರಾದ ಕತೆ ಎಂದು ಹೆಸರಾದುದನ್ನು ಇಲ್ಲಿ ತಿರುಗಿಸಲಾಗಿದೆ. ನಮ್ಮಲ್ಲಿ ಅದನ್ನೇ ಹೋಲುವ ಗರುಡ ಮತ್ತು ಗುಬ್ಬಚ್ಚಿಯ ಕತೆ ಹೇಳುತ್ತಾರೆ. ಯಮ ಗುಬ್ಬಿಯನ್ನು ದಿಟ್ಟಿಸಿದ, ಗರುಡ ಹೆದರಿ ಅದನ್ನು ದೂರದ ಬೆಟ್ಟಕ್ಕೆ ಒಯ್ದು ಬಿಟ್ಟ, ಅದರ ಸಾವು ಬರೆದಿದ್ದದ್ದು ಆ ಬೆಟ್ಟದಲ್ಲೇ. ಕೇಳಿದವರು ಒಂದು ಗಳಿಗೆ ಸುಮ್ಮನಾಗುವ ಕತೆ. ಪ್ರಾಚೆಟ್ ಅದರ ವಿಧಿಯನ್ನು ಕಿತ್ತು ಮೃತ್ಯುವನ್ನು ವೇಳಾಪಟ್ಟಿ ತಪ್ಪಿದ ನೌಕರನನ್ನಾಗಿ ಮಾಡಿದ್ದಾನೆ. ಬಹಳ ಜಾಣತನದ ಚಮತ್ಕಾರ. ನಾನು ನಕ್ಕೆ. ಆದರೆ ಹಳೆಯ ಕತೆಯಲ್ಲಿದ್ದ ನಡುಕ ಈ ಚಮತ್ಕಾರದಲ್ಲಿ ಎಲ್ಲಿ ಹೋಯಿತೆಂದು ಹುಡುಕುತ್ತಲೂ ಇದ್ದೆ.

ಇಲ್ಲಿ ಬಾನುಲಿಯ ಮಾತೊಂದು. ಈ ಕಾದಂಬರಿ ಪುಸ್ತಕವಾಗಿ ಬಂದ ಬಳಿಕ ಬಿಬಿಸಿ ಬಾನುಲಿಯ ಹೆಂಗಸರ ಕಾರ್ಯಕ್ರಮದಲ್ಲಿ ಧಾರಾವಾಹಿಯಾಗಿ ಓದಲ್ಪಟ್ಟಿತು. ಮಧ್ಯಮ ವಯಸ್ಸಿನ ಶ್ರೋತೃಗಳು ಅಡುಗೆಮನೆಯಲ್ಲಿ ಕೇಳುವ ಹೊತ್ತಿನಲ್ಲಿ ಆಮೆ, ಆನೆ, ಕಾಲುಳ್ಳ ಟ್ರಂಕು. ಮೆಚ್ಚಿಗೆ ಚೆನ್ನಾಗಿಯೇ ಬಂತು, ಮುಂದೆ 'ಈಕ್ವಲ್ ರೈಟ್ಸ್' ಕೂಡ ಅದೇ ಕಾರ್ಯಕ್ರಮದಲ್ಲಿ ಬಂತು. ಇದರಲ್ಲಿ ಒಂದು ವಿಚಿತ್ರವಿದೆ. ಡಗ್ಲಸ್ ಆಡಮ್ಸ್‌ನ 'ಹಿಚ್‌ಹೈಕರ್ಸ್ ಗೈಡ್' 1978ರಲ್ಲಿ ಬಾನುಲಿ ನಾಟಕವಾಗಿಯೇ ಹುಟ್ಟಿ ಮರುವರ್ಷ ಪುಸ್ತಕವಾಯಿತು, ಆದ್ದರಿಂದ ಅದರ ಹಾಸ್ಯ ಕಿವಿಗೆ ಹದವಾದದ್ದು. ಪ್ರಾಚೆಟ್‌ನದು ಕಣ್ಣಿಗೆ ಬರೆದ ಹಾಸ್ಯ. ಅವನ ಮೃತ್ಯು ಮಾತಾಡುವುದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ. ಬಾನುಲಿಗೆ ದೊಡ್ಡಕ್ಷರ ಎಲ್ಲಿಂದ ತರೋಣ? ಅಡಿಟಿಪ್ಪಣಿಗಳಲ್ಲಿ ತಮಾಷೆ ಬಚ್ಚಿಡುವುದೂ ಅವನ ರೂಢಿ. ಮೈಕಿನ ಮುಂದೆ ಅಡಿಟಿಪ್ಪಣಿ ಎಂದರೆ ಧ್ವನಿ ಇಳಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಆದರೂ ಜನ ಕೇಳಿದರು. ದಿನಕ್ಕೊಂದು ಕಂತಾಗಿ ಕೇಳಿದ್ದೇ ಅದಕ್ಕೆ ಒಂದು ಕಾರಣವಿದ್ದೀತು. ನಾನು ಎರಡೇ ಸಲ ಕೂತು ಮುಗಿಸಿ ಅಜೀರ್ಣ ಮಾಡಿಕೊಂಡ ಪುಸ್ತಕವನ್ನು ಅವರು ಹಸಿವೆ ಉಳಿಸಿಕೊಂಡು ಸವಿದರು.

ಈ ಮೊದಲ ಪುಸ್ತಕದಲ್ಲಿ ಕಾಣದ್ದು ಪ್ರಾಚೆಟ್‌ಗೆ ಆಮೇಲೆ ಕಂಡಿತು. 1989ರ 'ಗಾರ್ಡ್ಸ್! ಗಾರ್ಡ್ಸ್!' ಹೊತ್ತಿಗೆ ಅದೇ ಆಂಖ್-ಮೋರ್‌ಪೋರ್ಕಿನ ಬೀದಿಗಳಲ್ಲಿ ರಾತ್ರಿ ಗಸ್ತು ತಿರುಗುವ ಬಡ ಪೇದೆಗಳು ಬಂದರು. ಸಾಹಸ ಕತೆಗಳಲ್ಲಿ ನಾಯಕನ ಕತ್ತಿಗೆ ಸಾಲಾಗಿ ಬೀಳಲೆಂದೇ ಇರುವವರು ಇವರು. ಇವರಿಗೂ ಮನೆ, ಸಂಬಳ, ಕುಡಿತ, ಮರ್ಯಾದೆ ಇರುತ್ತದಲ್ಲ ಎಂದು ಪ್ರಾಚೆಟ್ ಯೋಚಿಸಿದ. 2002ರ 'ನೈಟ್ ವಾಚ್'ನಲ್ಲಿ ಆ ಊರಿನ ಬೀದಿಯಲ್ಲಿ ಸತ್ತವರಿಗೆ ಹೆಸರಿದೆ, ವರ್ಷಕ್ಕೊಮ್ಮೆ ಅವರನ್ನು ನೆನೆಯುವವರಿದ್ದಾರೆ. ಹಾಸ್ಯ ಅಲ್ಲೂ ಇದೆ, ಆದರೆ ಓದುತ್ತ ಗಂಟಲು ಕಟ್ಟುತ್ತದೆ. ಸುಟ್ಟರೆ ಯಾರೂ ಅಳದಿದ್ದ ಊರನ್ನು ಇಪ್ಪತ್ತು ವರ್ಷಗಳಲ್ಲಿ ಅವನು ಅಳುವಂಥ ಊರನ್ನಾಗಿ ಕಟ್ಟಿದ. 2007ರಲ್ಲಿ ಅವನಿಗೆ ಆಲ್‌ಝೈಮರ್ ಬಗೆಯ ಕಾಯಿಲೆ ಇರುವುದು ಗೊತ್ತಾಯಿತು. ಬೆರಳಚ್ಚು ಮಾಡಲಾಗದೆ ಹೋದಾಗ ಬಾಯಿಮಾತಿನಲ್ಲಿ ಬರೆಸುತ್ತ 2015ರಲ್ಲಿ ತೀರಿಕೊಳ್ಳುವವರೆಗೂ ಆ ಲೋಕದಲ್ಲೇ ಕೆಲಸ ಮಾಡಿದ.

ಹಾಗಿದ್ದರೆ ಈ ಮೊದಲನೆಯದನ್ನು ಓದಬೇಕೇ? ಸಂಕ್ಷಿಪ್ತವಾಗಿ ಹೇಳುತ್ತೇನೆ, ನನ್ನ ಸಮಯವೂ ಮುಗಿಯುತ್ತ ಬಂತು. ಪುಸ್ತಕಕ್ಕೆ ನಾಲ್ಕು ಭಾಗ. ಊರು ಸುಡುವ ಮೊದಲನೆಯದನ್ನೂ, ಲೋಕದ ಅಂಚಿನ ಕೊನೆಯದನ್ನೂ ಖಂಡಿತ ಓದಿ. ಎರಡನೆಯದರಲ್ಲಿ ಕ್ಯಾಮರಾ ಬರುವ ಪುಟಗಳು ಸಾಕು. ಮೂರನೆಯದನ್ನು ಡ್ರ್ಯಾಗನ್ ಇಷ್ಟಪಡುವ ಮನೆಯ ಹುಡುಗರಿಗೆ ಬಿಟ್ಟುಕೊಡಿ, ಅವರಿಗೆ ಮೂಲ ಪುಸ್ತಕಗಳು ನನಗಿಂತ ಚೆನ್ನಾಗಿ ಗೊತ್ತಿರುತ್ತವೆ. ಮತ್ತೊಂದು ಮಾತು: ಓದುವ ಮೊದಲೇ ಇದರ ಮುಂದಿನ ಪುಸ್ತಕ, 1986ರ 'ದಿ ಲೈಟ್ ಫೆಂಟಾಸ್ಟಿಕ್' ಅನ್ನೂ ಕೈಯಲ್ಲಿಟ್ಟುಕೊಳ್ಳಿ. ಯಾಕೆಂದರೆ ಈ ಕಾದಂಬರಿ ಮುಗಿಯುವುದೇ ಇಲ್ಲ, ನಾಯಕ ಲೋಕದ ಅಂಚಿನಿಂದ ಕೆಳಕ್ಕೆ ಬೀಳುತ್ತಿರುವಾಗ ನಿಂತುಬಿಡುತ್ತದೆ. ಮೊದಲ ಓದುಗರು ಅವನನ್ನು ಹಾಗೇ ನೇತುಹಾಕಿ ಮೂರು ವರ್ಷ ಕಾಯಬೇಕಾಯಿತು.